ಪಾತಾಳಗರಡಿ ಹಾಕಬ್ಯಾಡ್ರಿ

ಕರೆ ಬಂದಾಗ ನಾವು ಸೊರಬದ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಹೋಸ್ ಪೈಪುಗಳನ್ನು ಒಣಹಾಕುತ್ತಿದ್ದೆವು. ಹಿಂದಿನ ದಿನ ಜಡೆ ಕಡೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ಬೇಸಿಗೆ ಶುರುವಾಯಿತೆಂದರೆ ನಮಗೆ ಬೆಂಕಿಯದೇ ಕೆಲಸ. ಅವತ್ತು ಫೋನಿನಲ್ಲಿ ಬಂದದ್ದು ನೀರಿನ ಸುದ್ದಿ. ಆನವಟ್ಟಿ ಹತ್ತಿರದ ಕೆರೆಯಲ್ಲಿ ಮೀನಿನ ಬಲೆ ಬಿಡಿಸಲು ಹೋದ ಹುಡುಗ ಮುಳುಗಿದ್ದಾನೆ, ತೆಪ್ಪ ಮಗುಚಿದೆ, ಆಳು ಮೇಲೆ ಬಂದಿಲ್ಲ.

ಆ ಪಾಳಿಗೆ ನಾನೇ ಹಿರಿಯ. ರಬ್ಬರ್ ದೋಣಿ, ಲೈಫ್ ಜಾಕೆಟ್ಟು, ಉದ್ದದ ಹಗ್ಗಗಳು, ಪಾತಾಳಗರಡಿ ಎಲ್ಲವನ್ನೂ ಗಾಡಿಗೆ ಹಾಕಿಸಿದೆ. ಪಾತಾಳಗರಡಿ ಅಂದರೆ ಬಾವಿಗೆ ಬಿದ್ದ ಕೊಡ ತೆಗೆಯಲು ಹಳ್ಳಿಗಳಲ್ಲಿ ಇಟ್ಟುಕೊಳ್ಳುವ ಕಬ್ಬಿಣದ ಕೊಕ್ಕೆಗಳ ಗೊಂಚಲು. ನಮ್ಮದು ಅದಕ್ಕಿಂತ ದೊಡ್ಡದು, ಮೊನೆಯೂ ಚೂಪು. ಹಗ್ಗ ಕಟ್ಟಿ ನೀರಿಗೆ ಬಿಟ್ಟು ತಳದಲ್ಲಿ ಎಳೆಯುತ್ತಾ ಹೋದರೆ ಬಟ್ಟೆಗೋ ಮೈಗೋ ಸಿಕ್ಕಿ ಹೆಣ ಮೇಲೆ ಬರುತ್ತದೆ. ಕೆರೆಗಳಲ್ಲಿ ನಾವು ಎಷ್ಟೋ ಜನರನ್ನು ಹೀಗೇ ತೆಗೆದಿದ್ದೇವೆ.

ಕೆರೆ ಏರಿಯ ಮೇಲೆ ಆಗಲೇ ಜನ ತುಂಬಿದ್ದರು. ಬಹಳಷ್ಟು ತಲೆಗಳ ಮೇಲೆ ಬಿಳಿ ಟೋಪಿ. ರಂಜಾನ್ ತಿಂಗಳು. ಆ ಬಿಸಿಲಿನಲ್ಲಿ ಅವರಲ್ಲಿ ಯಾರೂ ಒಂದು ಗುಟುಕು ನೀರು ಕುಡಿದಿರಲಿಲ್ಲ ಎಂಬುದು ನನಗೆ ತಕ್ಷಣ ಹೊಳೆಯಲಿಲ್ಲ. ನಾನು ಶಿಕಾರಿಪುರ ತಾಲ್ಲೂಕಿನವನು, ತಾಳಗುಂದದ ಕಡೆಯವನು. ನಮ್ಮದು ಕುರಿ ಸಾಕುವ ಮನೆ. ಸಾಬರು ಅಂದರೆ ನಮಗೆ ಬಕ್ರೀದ್ ಮುಂಚೆ ಟಗರು ಕೇಳಿಕೊಂಡು ಬರುವವರು. ಹಲ್ಲು ನೋಡಿ, ಬೆನ್ನು ಒತ್ತಿ, ನಮ್ಮ ಜಗಲಿಯಲ್ಲಿ ಕೂತು ಚಾ ಕುಡಿದು ಹೋಗುವವರು. ಅವರ ಮನೆಯೊಳಗೆ ನಾನು ಯಾವತ್ತೂ ಹೋದವನಲ್ಲ. ಅವರ ಮನೆಯ ಸಾವನ್ನು ಹತ್ತಿರದಿಂದ ಕಂಡವನಲ್ಲ. ಠಾಣೆಗೆ ಆಜಾನ್ ಕೇಳಿಸುತ್ತಿತ್ತು, ಹೊತ್ತೆಷ್ಟಾಯಿತೆಂದು ಗೊತ್ತಾಗುತ್ತಿತ್ತು, ಅಷ್ಟೇ. ಮೊಬೈಲಿನಲ್ಲಿ ಅವರ ಬಗ್ಗೆ ಬರುತ್ತಿದ್ದುದರಲ್ಲಿ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು.

ಮುಳುಗಿದವನ ತಂದೆಯನ್ನು ಯಾರೋ ಕರೆತಂದು ನನ್ನ ಮುಂದೆ ನಿಲ್ಲಿಸಿದರು. ಆನವಟ್ಟಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಗಡ್ಡದಲ್ಲಿ, ಹುಬ್ಬಿನಲ್ಲಿ ಇನ್ನೂ ಹತ್ತಿಯ ಎಳೆ ಅಂಟಿತ್ತು. ಕೆಲಸದ ನಡುವಿನಿಂದಲೇ ಎದ್ದು ಓಡಿ ಬಂದಿದ್ದರು. ಅಂಗಡಿಯಲ್ಲಿ ಸಿಗುವ ಫೋಮ್ ಹಾಸಿಗೆ ಬಂದ ಮೇಲೆ ಗಾದಿ ಮಾಡಿಸುವವರು ಕಡಿಮೆಯಾಗಿ ಮಗ ಮೀನಿನ ಕೆಲಸಕ್ಕೆ ಇಳಿದಿದ್ದನಂತೆ.

"ಈಜು ಬರ್ತಿತ್ತಾ?" ಎಂದು ಕೇಳಿದೆ.

"ಬರ್ತಿತ್ರಿ ಸಾಹೇಬ್ರೆ. ಸಣ್ಣವಿದ್ದಾಗಿಂದ ಇದೇ ಕೆರೆಯಾಗ ಈಜಿದಾನ. ಇವತ್ತು ರೋಜಾ, ಉಪವಾಸ ಇದ್ದ. ಬಿಸಿಲೇರೋದ್ರಾಗ ಬಲೆ ಬಿಡಿಸಿ ಬರ್ತೀನಿ ಅಂದಿದ್ದ."

ಈಜು ಬರುವವನು ಮೇಲೆ ಬಂದಿಲ್ಲ ಅಂದರೆ ಬಲೆ ಕಾಲಿಗೆ ಸುತ್ತಿಕೊಂಡಿರಬೇಕು. ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಥರ್ಮಾಕೋಲಿನ ತೆಪ್ಪ, ನೀರಿನ ಮೇಲೆ ತೇಲುವ ಅಂತರಗಂಗೆ ಕಳೆ ತುಂಬಿದ ಮೂಲೆಯಲ್ಲಿ ಬೋರಲಾಗಿ ನಿಂತಿತ್ತು. ಅದರ ಸುತ್ತಲೇ ಹುಡುಕಾಟ ಶುರು ಮಾಡಿದೆವು. ಗಾಡಿ ಓಡಿಸುವ ನನ್ನ ಸಹೋದ್ಯೋಗಿ ದೋಣಿಯ ಹುಟ್ಟು ಹಿಡಿದ. ನಾನು ಪಾತಾಳಗರಡಿ ಬಿಟ್ಟೆ. ಮೊದಲ ಸಲ ಬರೀ ಅಂತರಗಂಗೆಯ ಬೇರು. ಆಮೇಲೆ ಜಾಲಿಯ ಕೊಳೆತ ಬೊಡ್ಡೆ. ಮುಂದಿನ ಸಲ ಹಗ್ಗ ಭಾರವಾಯಿತು. ಜಗ್ಗಿದೆ, ಪರ್ರನೆ ಏನೋ ಹರಿದಂತಾಗಿ ಹಗುರಾಯಿತು. ಮೇಲೆ ಬಂದ ಕೊಕ್ಕೆಯ ತುದಿಯಲ್ಲಿ ಹಸಿರು ಬಟ್ಟೆಯ ಚೂರೊಂದು ನೇತಾಡುತ್ತಿತ್ತು.

ಏರಿಯ ಮೇಲಿಂದ ತಂದೆ ಕೂಗಿಕೊಂಡರು. ಅದು ಮಾತಾಗಿರಲಿಲ್ಲ. ನಾವು ದೋಣಿ ತಿರುಗಿಸಿ ದಡಕ್ಕೆ ಬಂದೆವು. ಬಟ್ಟೆ ನೋಡಿದರು. ಮಗನದಲ್ಲ, ಯಾರೋ ಕೆರೆಗೆ ಎಸೆದ ಹಳೇ ಸೀರೆಯ ಚೂರು. ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಇದನ್ನ ಹಾಕಬ್ಯಾಡ್ರಿ ಸಾಹೇಬ್ರೆ."

"ಇದಿಲ್ಲದೆ ಸಿಗೋದು ಕಷ್ಟ ರೀ. ತಳದಲ್ಲಿ ಹೂಳಿದೆ, ಏನೂ ಕಾಣ್ಸಲ್ಲ."

"ಸತ್ತ ಮೈಗೂ ನೋವಾಗ್ತದ ಅಂತಾರ್ರಿ ನಮ್ಮಲ್ಲಿ. ಬದುಕಿದವನಿಗೆ ಹೆಂಗ ನೋವಾಗ್ತದೋ ಹಂಗೇ. ಕಣ್ಣಿಗೋ ಹೊಟ್ಟಿಗೋ ಇದು ಚುಚ್ಚಿಕೊಂಡ್ರೆ..." ಅವರು ಕೊಕ್ಕೆಯನ್ನು ತಮ್ಮ ಅಂಗಿಯ ಚುಂಗಿನಿಂದ ಮುಚ್ಚಿದರು, ಯಾರಿಗೂ ಕಾಣಬಾರದು ಅನ್ನುವ ಹಾಗೆ.

ನಾನು ಠಾಣಾಧಿಕಾರಿಗೆ ಫೋನ್ ಮಾಡಿದೆ. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹೋದ ಜೀವಕ್ಕಾಗಿ ಇರುವ ಜೀವವನ್ನು ಅಪಾಯಕ್ಕೆ ಒಡ್ಡಬಾರದು, ಗರಡಿ ಹಾಕಿ ಕತ್ತಲಾಗುವುದರೊಳಗೆ ಮುಗಿಸಿ, ಸಿಗದಿದ್ದರೆ ಬಿಡಿ, ತಾನಾಗಿ ತೇಲುತ್ತದೆ ಅಂದರು. ನೀರಿನಲ್ಲಿ ಹೋದ ಮೈ ಮೊದಲು ತಳಕ್ಕೆ ಕೂರುತ್ತದೆ, ಒಂದೆರಡು ದಿನ ಕಳೆದು ಉಬ್ಬಿ ಮೇಲೇಳುತ್ತದೆ. ಆಗಿನ ಮುಖವನ್ನು ತಂದೆಗೆ ತೋರಿಸುವ ಕೆಲಸ ನಾನು ಮಾಡಿ ಬಲ್ಲೆ.

"ಕೈಯಲ್ಲೇ ಹುಡುಕ್ತೀನಿ ಸರ್. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳೀತೀನಿ. ಬೇರೆ ಯಾರನ್ನೂ ಇಳಿಸಲ್ಲ," ಅಂದೆ.

ಅವರು, "ನಿನ್ನ ಜವಾಬ್ದಾರಿ ಮತ್ತೆ," ಅಂದರು. ಗರಡಿಯನ್ನು ಗಾಡಿಯ ಒಳಗಿಡಿಸಿ ಬಾಗಿಲು ಹಾಕಿಸಿದೆ.

ಕೈಯಲ್ಲಿ ಹುಡುಕುವುದು ನಿಧಾನದ ಕೆಲಸ. ನಮ್ಮಂಥ ಸಣ್ಣ ಠಾಣೆಯಲ್ಲಿ ನೀರೊಳಗೆ ಉಸಿರಾಡುವ ಸಲಕರಣೆ ಇರುವುದಿಲ್ಲ. ದೋಣಿಯಿಂದ ತಳಕ್ಕೆ ಕಲ್ಲು ಕಟ್ಟಿದ ಹಗ್ಗ ಬಿಟ್ಟು, ಅದನ್ನು ಹಿಡಿದು ಉಸಿರು ಕಟ್ಟಿ ಇಳಿಯಬೇಕು. ತಳ ಮುಟ್ಟಿದ ಮೇಲೆ ಸುತ್ತಲೂ ಕೈಯಾಡಿಸಿ ಮತ್ತೆ ಮೇಲೆ ಬರಬೇಕು. ದೋಣಿಯನ್ನು ಒಂದು ಮಾರು ಸರಿಸಿ ಮತ್ತೆ ಅದೇ. ಸೊಂಟದ ಹಗ್ಗ ಸಹೋದ್ಯೋಗಿಯ ಕೈಯಲ್ಲಿ. ಒಂದು ಸಲ ಜಗ್ಗಿದರೆ ಎಲ್ಲ ಸರಿ, ಬಿಡದೆ ಜಗ್ಗಿದರೆ ಮೇಲೆ ಎಳೆ ಎಂದರ್ಥ. ಕೆಳಗೆ ಹೂಳು ಎದ್ದರೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಹುಡುಕುತ್ತಿದ್ದೆ. ಕಿವಿ ನೋಯತೊಡಗಿತು. ಬೇರಿಗೆ ಕಾಲು ಸಿಕ್ಕಿ ಒಮ್ಮೆ ಗಾಬರಿಯೂ ಆಯಿತು.

ಸಂಜೆಯಾದರೂ ಸಿಗಲಿಲ್ಲ. ಏರಿಯ ಮೇಲೆ ಮಾತು ಬೆಳೆಯಿತು. ಹತ್ತಿರದ ಹಳ್ಳಿಯವನೊಬ್ಬ, "ಸಾಬರ ಮಾತು ಕೇಳ್ಕೊಂಡು ಕೂತ್ರೆ ಆಯ್ತು, ಗರಡಿ ಹಾಕಿದ್ರೆ ಮಧ್ಯಾಹ್ನವೇ ಮುಗೀತಿತ್ತು ಮಾರಾಯ್ರೆ," ಅಂದ. ನಾವು ದೋಣಿ ಕಟ್ಟುವುದನ್ನು ಕಂಡ ಟೋಪಿಯ ಯುವಕನೊಬ್ಬ ನನ್ನ ಮುಂದೆ ಬಂದು ನಿಂತು, "ನಮ್ಮವನು ಅಂತ ಬಿಟ್ಟು ಹೋಗ್ತಿದೀರಲ್ಲ? ನಿಮ್ಮವನಾಗಿದ್ರೆ ಹೋಗ್ತಿದ್ರಾ?" ಎಂದ. ಕತ್ತಲಲ್ಲಿ ಇಳಿದರೆ ನನ್ನನ್ನೇ ಹುಡುಕಬೇಕಾಗುತ್ತದೆ ಎಂದು ಹೇಳಲು ಹೋದೆ. ಅಷ್ಟರಲ್ಲಿ ತಂದೆ ಅವನ ಹೆಗಲಿಗೆ ಕೈ ಹಾಕಿ ಪಕ್ಕಕ್ಕೆ ಸರಿಸಿದರು. "ಅವರ ಕೈ ನೋಡೋ," ಅಂದರು. ನನ್ನ ಬೆರಳುಗಳು ಬಿಳುಚಿ ಸುಕ್ಕುಗಟ್ಟಿದ್ದವು, ಜಾಲಿ ಮುಳ್ಳು ಗೀರಿ ಅಲ್ಲಲ್ಲಿ ರಕ್ತ ಬಂದಿತ್ತು. ಆ ಯುವಕ ತಲೆ ತಗ್ಗಿಸಿದ. ಆ ಹಳ್ಳಿಯವನಿಗೆ ಮಾತ್ರ ನಾನೂ ಏನೂ ಹೇಳಲಿಲ್ಲ, ಬೇರೆ ಯಾರೂ ಹೇಳಲಿಲ್ಲ.

ಹೊತ್ತು ಮುಳುಗಿತು. ದೂರದಿಂದ ಆಜಾನ್ ಕೇಳಿಸಿತು. ಮಸೀದಿಯ ಮೌಲವಿ ಇನ್ನೂ ಚಿಕ್ಕ ಪ್ರಾಯದವರು, ಮೆಲುದನಿ. ಅವರು ಒಂದು ತಟ್ಟೆ ಖರ್ಜೂರ, ನೀರಿನ ಬಾಟಲಿ ಹಿಡಿದು ತಂದೆಯ ಹತ್ತಿರ ಕೂತರು. ತಂದೆ ತಲೆ ಅಲ್ಲಾಡಿಸಿದರು.

"ಅವ ನೀರೊಳಗ ಅದಾನ. ನಾ ಹೆಂಗ ನೀರು ಕುಡೀಲಿ?"

"ರೋಜಾ ಬಿಡೋದು ನಿಮ್ಮಿಷ್ಟ ಅಲ್ಲ ಚಾಚಾ," ಮೌಲವಿ ಅಂದರು. "ಹೊತ್ತಾದ ಮೇಲೆ ಹಸಿದಿರು ಅಂತ ಅಲ್ಲಾಹ್ ಹೇಳಿಲ್ಲ."

ತಂದೆ ಖರ್ಜೂರ ತೆಗೆದುಕೊಂಡರು. ಬಾಯಿಗೆ ಹಾಕಿಕೊಳ್ಳದೆ ಎದ್ದು ಬಂದು ನನಗೆ ಕೊಟ್ಟರು. "ನೀವೂ ಬೆಳಗಿಂದ ಏನೂ ತಿಂದಿಲ್ಲ ನೋಡ್ರಿ." ಸಹೋದ್ಯೋಗಿಗೂ ಕೊಟ್ಟರು. ನಾವು ತಿನ್ನುವುದನ್ನು ನೋಡಿದ ಮೇಲೆ ತಾವೊಂದು ತಿಂದು ಒಂದೇ ಗುಟುಕು ನೀರು ಕುಡಿದರು.

ಆಮೇಲೆ ಏರಿಯ ಮೇಲೇ ಟವೆಲುಗಳನ್ನು ಹಾಸಿ ಸಾಲಾಗಿ ನಿಂತರು. ನಮಾಜಿಗೆ ಅವರು ಮುಖ ಮಾಡುವ ಪಡುವಣಕ್ಕೇ ಕೆರೆ ಇತ್ತು. ಹಾಗಾಗಿ ಎಲ್ಲರ ಮುಖವೂ ನೀರಿನ ಕಡೆಗೇ. ನಾನು ಹಗ್ಗ ಸುತ್ತುವುದನ್ನು ನಿಲ್ಲಿಸಿದೆ. ಅವರೆಲ್ಲ ನೆಲಕ್ಕೆ ಹಣೆ ಹಚ್ಚಿ ಎದ್ದಾಗ ತಂದೆ ಮಾತ್ರ ಏಳುವುದು ತಡವಾಯಿತು. ಪಕ್ಕದವನು ಮುಟ್ಟಲಿಲ್ಲ, ಕರೆಯಲಿಲ್ಲ. ಅವರಾಗಿಯೇ ಎದ್ದರು.

ನಮಾಜು ಮುಗಿದ ಮೇಲೆ ಮೌಲವಿ ನನ್ನ ಬಳಿ ಬಂದರು. "ನಮ್ಮಲ್ಲಿ ನೀರಲ್ಲಿ ಮುಳುಗಿ ಹೋದವರಿಗೆ ಶಹೀದರ, ಅಂದ್ರೆ ಹುತಾತ್ಮರ ದರ್ಜೆ ಇದೆ ರೀ," ಅಂದರು. "ಅದನ್ನೇ ಅವರಿಗೆ ಹೇಳ್ತಿದೀನಿ. ಹೇಳೋದಕ್ಕೆ ಬೇರೆ ಏನಿದೆ ನನ್ನ ಹತ್ರ?"

ನಾನು ಹೂಂ ಅಂದೆ. ಕೈಯಲ್ಲಿದ್ದ ಹಗ್ಗ ಗಂಟಾಯಿತು.

ನಮ್ಮ ಅಕ್ಕ ಬಾವಿಯಲ್ಲಿ ಹೋದವಳು. ಕುರಿಗಳಿಗೆ ನೀರು ಸೇದುವಾಗ ಕಾಲು ಜಾರಿತ್ತು. ನಮ್ಮ ಊರಿನವರು ಅದನ್ನು ದುರ್ಮರಣ ಅಂದರು. ಹೆಣ ಹೊಸಲು ದಾಟಬಾರದು ಅಂದರು. ಅವ್ವ ಬಾಗಿಲ ಒಳಗೆ, ಅಕ್ಕ ಕುರಿಹಟ್ಟಿಯ ಬೇಲಿ ಹತ್ತಿರ, ಗೋಣಿಯ ಕೆಳಗೆ. ಅವಸರದಲ್ಲಿ ಮಣ್ಣು ಮಾಡಿ ಬಂದರು. ಹಿರಿಯರಿಗೆ ಎಡೆ ಇಡುವ ದಿನವೂ ಅವಳ ಹೆಸರು ತೆಗೆಯುತ್ತಿರಲಿಲ್ಲ. ಯಾರ ಮನಸ್ಸೂ ಕೆಟ್ಟದ್ದಿರಲಿಲ್ಲ, ಬರೀ ಹೆದರಿಕೆ. ಎಲ್ಲ ಕಡೆ ಹೀಗೇ ಮಾಡುತ್ತಾರೆಂದು ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲಿ ಹೀಗಾಯಿತು. ಮೌಲವಿ ಹೇಳಿದ್ದು ನಿಜವೋ ಅಲ್ಲವೋ ನನಗೆ ತಿಳಿಯದು. ಆದರೆ ನೀರಿನಲ್ಲಿ ಹೋದವನ ತಂದೆಗೆ ಹೇಳಲು ಅವರ ಬಳಿ ಒಂದು ಮಾತಿತ್ತು. ನಮ್ಮ ಅವ್ವನಿಗೆ ಯಾರೂ ಏನೂ ಹೇಳಿರಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ಕೆರೆಗೆ ಬಂದೆವು. ತಂದೆ ಏರಿಯ ಮೇಲೇ ಇದ್ದರು. ದೋಣಿಗೆ ಗಾಳಿ ತುಂಬುವಾಗ ನೋಡಿದೆ, ನಿನ್ನೆ ಒಂದು ಮೂಲೆಯಲ್ಲಿದ್ದ ಅಂತರಗಂಗೆಯ ರಾಶಿ ಈಗ ತೂಬಿನ ಕಡೆಗೆ ಸರಿದಿತ್ತು. ಗಾಳಿ ದಿಕ್ಕು ಬದಲಿಸಿತ್ತು. ಆಗ ನನ್ನ ತಲೆಗೆ ಹೊಳೆಯಿತು. ಥರ್ಮಾಕೋಲಿನ ತೆಪ್ಪವೂ ಗಾಳಿಗೆ ತೇಲುವಂಥದ್ದೇ. ಅದು ನಿಂತ ಜಾಗದಲ್ಲಿ ನಾವು ಒಂದು ದಿನ ಪೂರ್ತಿ ಹುಡುಕಿದ್ದೆವು. ಆಳು ಮುಳುಗಿದ ಜಾಗ ಬೇರೆಯೇ ಇರಬೇಕು.

ಅವನು ಮುಳುಗಿದ್ದನ್ನು ಏರಿಯ ಮೇಲಿಂದ ಕಂಡಿದ್ದವಳು ಕೆರೆ ಕೆಳಗಿನ ಗದ್ದೆಯ ರೈತಗಿತ್ತಿ. ಅವಳನ್ನು ಕರೆಸಿ, "ನಿನ್ನೆ ನೀವು ಎಲ್ಲಿ ನಿಂತಿದ್ರಿ, ಅಲ್ಲೇ ನಿಲ್ಲಿ ಅಕ್ಕಾ. ಅವನು ಕೂಗಿದಾಗ ಅವನ ಹಿಂದೆ ಆಚೆ ದಡದಲ್ಲಿ ಏನು ಕಾಣ್ತಿತ್ತು?" ಎಂದು ಕೇಳಿದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಹಳ ಹೊತ್ತು ನೋಡಿದಳು. "ಆ ಮತ್ತಿ ಮರ ಕಾಣ್ತಿತ್ತು ಕಣಪ್ಪ. ಕೈ ಎತ್ತಿದಾಗ ಮರದ ಬುಡಕ್ಕೆ ಸಮ ಇತ್ತು. ನಾ ಕೂಗಿದೆ, ಓಡ್ದೆ, ನಂಗೆ ಈಜು ಬರಲ್ಲ." ಅದನ್ನೇ ಅವಳು ಮತ್ತೆ ಮತ್ತೆ ಹೇಳಿದಳು.

ಅವಳು ನಿಂತ ಜಾಗದಿಂದ ಮತ್ತಿಮರಕ್ಕೆ ನೇರ ಗೆರೆ ಹಿಡಿದು ದೋಣಿ ನಡೆಸಿದೆವು. ಆ ಗೆರೆಯ ಮೇಲೆ ಬಲೆಯ ಬೆಂಡುಗಳು ತೇಲುತ್ತಿದ್ದವು, ಅದರಲ್ಲಿ ಒಂದು ಅರ್ಧ ಮುಳುಗಿತ್ತು.

ದೋಣಿ ಹೊರಡುವ ಮುಂಚೆ ತಂದೆ ಹತ್ತಿರ ಬಂದು ದನಿ ತಗ್ಗಿಸಿ ಒಂದು ಮಾತು ಹೇಳಿದ್ದರು. "ಮೈಮೇಲೆ ಬಟ್ಟಿ ಇಲ್ದಿದ್ರೆ ಮೇಲೆ ತರೋಕಿಂತ ಮುಂಚೆ ಮುಚ್ಚಿಬಿಡ್ರಿ. ಹೊಕ್ಕುಳದಿಂದ ಮೊಣಕಾಲಿನ ತನಕ. ಅವ ನಾಚಿಕೆ ಹುಡುಗ."

ಮುಳುಗಿದ ಬೆಂಡಿನ ಪಕ್ಕ ಇಳಿದೆ. ಮೊದಲು ಸಿಕ್ಕಿದ್ದು ಬಲೆ. ಅದರ ಜೊತೆ ಜಾರುತ್ತಾ ಹೋದೆ. ಆಮೇಲೆ ಪಾದ ಸಿಕ್ಕಿತು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿದೆ. ಬಲೆ ಎರಡೂ ಕಾಲಿಗೆ ಬಿಗಿಯಾಗಿ ಸುತ್ತಿತ್ತು. ಲುಂಗಿ ಕಳಚಿ ಹೋಗಿತ್ತು.

ಉಸಿರು ಮುಗಿದು ಮೇಲೆ ಬಂದೆ. ಸಹೋದ್ಯೋಗಿ ನನ್ನ ಮುಖ ನೋಡಿದ. ನಾನು ಸಿಕ್ಕಿತು ಅನ್ನಲಿಲ್ಲ. "ಟವೆಲ್ ಕೊಡು, ಚಾಕು ಕೊಡು," ಅಂದೆ. ಅವನು ತನ್ನ ಹೆಗಲ ಮೇಲಿನ ಟವೆಲು ತೆಗೆದು ಕೊಟ್ಟ. ಏರಿಯ ಮೇಲೆ ನಿಂತಿದ್ದ ತಂದೆಗೆ ಅದು ಕಂಡಿರಬೇಕು. ನಾನು ಮತ್ತೆ ಮುಳುಗುವಾಗ ಅವರು ಮೆಲ್ಲಗೆ ನೆಲದ ಮೇಲೆ ಕೂರುತ್ತಿದ್ದರು.

ನೀರಿನೊಳಗೆ, ಕತ್ತಲಲ್ಲಿ, ಒಂದು ಮೈಗೆ ಬಟ್ಟೆ ಕಟ್ಟುವುದು ಹೇಳಿದಷ್ಟು ಸುಲಭವಲ್ಲ. ಟವೆಲು ಕೈಯಿಂದ ತೇಲಿ ಹೋಗುತ್ತದೆ. ಸೊಂಟದ ಕೆಳಗೆ ತೂರಿಸಿ ಈಚೆಗೆ ಎಳೆದು ಗಂಟು ಹಾಕುವುದರೊಳಗೆ ಉಸಿರು ಸಾಲದೆ ಮೇಲೆ ಬಂದೆ. ಮತ್ತೆ ಹೋದೆ, ಗಂಟು ಬಿಚ್ಚಿಕೊಂಡಿತ್ತು. ಮತ್ತೆ ಕಟ್ಟಿದೆ. ಬಲೆಯನ್ನು ಕಾಲಿನ ಚರ್ಮಕ್ಕೆ ತಾಗದ ಹಾಗೆ ಒಂದೊಂದೇ ಎಳೆ ಕತ್ತರಿಸಿದೆ. ಕೊನೆಗೆ ಕಂಕುಳಲ್ಲಿ ಕೈ ಹಾಕಿ ಎತ್ತಿಕೊಂಡು ಹಗ್ಗ ಜಗ್ಗಿದೆ. ಮೇಲೆ ಬಂದಾಗ ಅವನ ತಲೆ ನನ್ನ ಹೆಗಲ ಮೇಲಿತ್ತು. ಮುಖ ಕೆಟ್ಟಿರಲಿಲ್ಲ. ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ.

ತಂದೆ ಮಗನ ಹಣೆಯಿಂದ ಹೂಳು ಒರೆಸಿದರು. ಏನೋ ಹೇಳಿದರು, ಉರ್ದುವೋ ಅರಬ್ಬಿಯೋ. ಮೌಲವಿ ಆಮೇಲೆ ಅರ್ಥ ಹೇಳಿದರು: ನಾವು ಅಲ್ಲಾಹನವರು, ಅವನ ಬಳಿಗೇ ಹಿಂತಿರುಗುವವರು.

ಇಲ್ಲಿಗೆ ನಮ್ಮ ಕೆಲಸ ಮುಗಿಯಬೇಕಿತ್ತು. ಆದರೆ ಪೊಲೀಸರು ಪೋಸ್ಟ್ ಮಾರ್ಟಮ್ ಆಗಲೇಬೇಕು ಅಂದರು. ನೀರಿನ ಸಾವಿಗೆ ಕಾನೂನು ಹಾಗೇ ಇದೆ. ತಂದೆ ಕೈ ಮುಗಿದರು. "ಯಾರ ಮೇಲೂ ಸಂಶಯ ಇಲ್ರಿ. ಬರೆದು ಕೊಡ್ತೀನಿ. ಕೊಯ್ಯಬ್ಯಾಡ್ರಿ." ಪೊಲೀಸ್ ಅಧಿಕಾರಿ ಒರಟರಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಆಗುವುದಿಲ್ಲ ಅಂದರು. ತಂದೆ ನನ್ನ ಕಡೆ ತಿರುಗಿದರು. ಗರಡಿ ನಿಲ್ಲಿಸಿದವನು ಇದನ್ನೂ ನಿಲ್ಲಿಸಬಹುದೆಂದು ಅವರಿಗೆ ಅನ್ನಿಸಿರಬೇಕು. ನಾನು ನೆಲ ನೋಡಿದೆ. ಕೊಕ್ಕೆಯಿಂದ ಉಳಿಸಿದ ಮೈಯನ್ನು ಕತ್ತಿಯಿಂದ ಉಳಿಸುವುದು ನನ್ನ ಕೈಯಲ್ಲಿರಲಿಲ್ಲ.

ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಅವರ ಪಕ್ಕ ಕೂತೆ. ಹೊರಟುಬಿಡಬಹುದಿತ್ತು, ಮನಸ್ಸು ಬರಲಿಲ್ಲ. ಒಳಗೆ ಟ್ರಾಲಿಯ ಸದ್ದಾದಾಗಲೆಲ್ಲ ಅವರು ತಮ್ಮ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದರು. ಎಲ್ಲ ಮುಗಿದ ಮೇಲೆ, "ಇರ್ಲಿ ಬಿಡ್ರಿ. ನೀರಿಂದಾದ್ರೂ ಕೈಯಾಗ ಎತ್ಕೊಂಡು ತಂದ್ರಿ," ಅಂದರು. ನನಗೆ ಆ ಮಾತಿನಿಂದ ಸಮಾಧಾನವಾಗಲಿಲ್ಲ. ಅವರಿಗೂ ಆಗಿರಲಿಕ್ಕಿಲ್ಲ.

ಆನವಟ್ಟಿಯ ಅವರ ಮನೆಗೆ ಆಂಬುಲೆನ್ಸಿನ ಹಿಂದೆಯೇ ಹೋದೆವು. ಹುಡುಗನನ್ನು ಸೀದಾ ಬಾಗಿಲ ಒಳಗೆ ಕರೆದುಕೊಂಡು ಹೋದರು. ನಡುಮನೆಯಲ್ಲಿ, ಗಾದಿಯ ಹತ್ತಿ ರಾಶಿಯನ್ನು ಬದಿಗೆ ತಳ್ಳಿ, ಮಂಚದ ಮೇಲೆ ಮಲಗಿಸಿದರು. ಹೆಂಗಸರ ಅಳು ಜೋರಾದಾಗ ಮೌಲವಿ ಬಾಗಿಲಲ್ಲಿ ನಿಂತು, "ಕಣ್ಣೀರು ಹಾಕ್ರಿ, ಕೂಗಾಡಬ್ಯಾಡ್ರಿ," ಎಂದರು. ಸದ್ದು ಅಡಗಿತು. ನನಗೆ ಅದು ಸರಿ ಕಾಣಲಿಲ್ಲ. ನಮ್ಮಲ್ಲಿ ಹೆಂಗಸರು ಸತ್ತವರ ಗುಣ ಎತ್ತಿ ಹಾಡಿ ಅಳುತ್ತಾರೆ, ಎದೆಯ ಭಾರ ಅಷ್ಟಾದರೂ ಇಳಿಯುತ್ತದೆ. ಮಣ್ಣಿಗೆ ಹೆಂಗಸರು ಬರುವುದಿಲ್ಲವೆಂದೂ ಆಗಲೇ ತಿಳಿಯಿತು. ಹಾಗಾದರೆ ತಾಯಿಗೆ ಮಗ ಈ ಮನೆಯ ಬಾಗಿಲಿನ ತನಕ ಮಾತ್ರ. ಅವರ ಧರ್ಮದಲ್ಲಿ ಹಿಂದಿನ ಸಂಜೆ ನನಗೆ ಹಿತವಾಗಿ ಕಂಡದ್ದೂ ಇತ್ತು, ಇವತ್ತು ಅರ್ಥವಾಗದ್ದೂ ಇತ್ತು. ಎರಡನ್ನೂ ಹಾಗೇ ಇಟ್ಟುಕೊಂಡಿದ್ದೇನೆ.

ಇನ್ನು ಮೈ ತೊಳೆಸಬೇಕು, ಬಿಳಿ ಬಟ್ಟೆ ಸುತ್ತಬೇಕು, ಮಧ್ಯಾಹ್ನದ ನಂತರದ ನಮಾಜಿಗೆ ಎತ್ತಬೇಕು ಎಂದು ಮೌಲವಿ ಹೇಳುತ್ತಿದ್ದರು. ತಂದೆಯೇ ತೊಳೆಸುತ್ತಾರಂತೆ. ಅಷ್ಟು ಹೊತ್ತು ನೀರಿನಲ್ಲಿದ್ದವನಿಗೆ ಮತ್ತೆ ನೀರು ಹಾಕುವುದು ನನಗೆ ಒಂಥರಾ ಅನ್ನಿಸಿತು. ನಾನು ಹೊರಡುತ್ತೇನೆ ಅಂದಾಗ ತಂದೆ ನನ್ನ ಕೈ ಹಿಡಿದು, "ಅವರಮ್ಮ ನಿಮ್ಮನ್ನ ನೋಡಬೇಕಂತ್ರಿ," ಎಂದು ಪಕ್ಕದ ಓಣಿಯಿಂದ ಹಿತ್ತಲಿಗೆ ಕರೆದುಕೊಂಡು ಹೋದರು.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಹಂಡೆ. ಮಗನ ಮೈ ತೊಳೆಸಲು ಬೋರೆ ಎಲೆ ಹಾಕಿದ ನೀರು ಕಾಯುತ್ತಿತ್ತು. ತಾಯಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡು ಸೆರಗು ತಲೆಗೆ ಎಳೆದುಕೊಂಡರು. ಅಳುತ್ತಿರಲಿಲ್ಲ.

"ನೀವೇನಪ್ಪಾ ತಳಕ್ಕೆ ಹೋಗಿದ್ದು?"

"ಹೌದಮ್ಮಾ."

"ಅಲ್ಲಿ ನೀರು ತಣ್ಣಗಿತ್ತಾ?"

ಸುಳ್ಳು ಹೇಳಬಹುದಿತ್ತು. "ಮೇಲೆ ಬೆಚ್ಚಗಿತ್ತು ಅಮ್ಮಾ. ತಳದಲ್ಲಿ ತಣ್ಣಗಿತ್ತು," ಅಂದೆ.

ಅವರು ತಲೆಯಾಡಿಸಿದರು. ಪಕ್ಕದಲ್ಲಿದ್ದ ಸೌದೆಯನ್ನು ಒಲೆಗೆ ತಳ್ಳಿ ಊದಿದರು. ಸ್ವಲ್ಪ ಹೊತ್ತಿಗೆ ಹಂಡೆಯೊಳಗೆ ಮೊಣಕೈ ಅದ್ದಿ ನೋಡಿದರು, ಎಳೆ ಮಗುವಿಗೆ ಎರೆಯುವ ಮುಂಚೆ ನೋಡುವ ಹಾಗೆ. ಬಿಸಿ ಹೆಚ್ಚಾಯಿತೆಂದು ಒಂದು ತಂಬಿಗೆ ತಣ್ಣೀರು ಬೆರೆಸಿದರು. ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವೊಂದ್ಸಲ ಮುಟ್ಟಿ ನೋಡ್ರಪ್ಪಾ, ಸಾಕಾ?" ಎಂದರು.

ನಾನು ಬಗ್ಗಿ ಹಂಡೆಯೊಳಗೆ ಕೈ ಇಟ್ಟೆ. ಗೀರುಗಳು ಚುರುಗುಟ್ಟಿದವು.

"ಸಾಕು ಅಮ್ಮಾ," ಅಂದೆ. "ಹದವಾಗಿದೆ."